ಮಂಡಿ ನೋವು, ನಾದಿನಿ ಮತ್ತು ಯೋಗ

ಕಾರವಾರದ ಓದುಗರೊಬ್ಬರು ಬರೆದಿದ್ದಾರೆ: “ನನಗೆ 62 ವರ್ಷ, ಮಂಡಿ ನೋವು. ಪದ್ಮಾಸನ ಹಾಕಲಾಗದೆ ಯೋಗದ ಕ್ಲಾಸ್ ಬಿಟ್ಟೆ. ಮನೆಯಲ್ಲೇ ಕಣ್ಣು ಮುಚ್ಚಿ ಕೂತರೆ, ಕಳೆದ ಚೌತಿಗೆ ಬಂದಾಗ ನಾದಿನಿ ಆಡಿದ ಮಾತೇ ನೆನಪಾಗುತ್ತದೆ. ಈ ಸಲವೂ ಬರುತ್ತಾಳೆ. ಎಲ್ಲ ಬಿಟ್ಟು ಯಾವುದಾದರೂ ಆಶ್ರಮ ಸೇರಿದರೆ ಮಾತ್ರ ಯೋಗ ಸಿಕ್ಕೀತೇನೋ?”

ಅಕ್ಕಾ,

ಮೊದಲು ಮಂಡಿಯ ವಿಷಯ ಮುಗಿಸಿಬಿಡೋಣ. ಪತಂಜಲಿಯ ಯೋಗಸೂತ್ರದಲ್ಲಿ 195 ಸೂತ್ರಗಳಿವೆ, ಕೆಲವು ಪ್ರತಿಗಳಲ್ಲಿ 196. ಆಸನದ ಬಗ್ಗೆ ಇರುವುದು ಬರೀ 3. ‘ಸ್ಥಿರಸುಖಮಾಸನಮ್’ ಅಂತ ಶುರು: ಅಲುಗಾಡದೆ ಹಿತವಾಗಿ ಕೂರುವುದು. ಅದಕ್ಕೆ ವ್ಯಾಸಭಾಷ್ಯ, ಅಂದರೆ ಯೋಗಸೂತ್ರದ ಹಳೆಯ ವ್ಯಾಖ್ಯಾನ, ಪದ್ಮಾಸನದಿಂದ ಹಿಡಿದು ಒಂದು ಪಟ್ಟಿ ಕೊಡುತ್ತದೆ. ನಡುವೆ ‘ಸೋಪಾಶ್ರಯ’ ಅಂತ ಒಂದಿದೆ, ಅಂದರೆ ಆಧಾರ ಇಟ್ಟುಕೊಂಡು ಕೂರುವುದು. ಕೊನೆಗೆ ‘ಯಥಾಸುಖ’, ಹೇಗೆ ಹಿತವೋ ಹಾಗೆ. ನಿಮ್ಮ ಜಗಲಿಯ ಕುರ್ಚಿ ಧಾರಾಳ ಸಾಕು. ಜೂನ್ 21ರ ಯೋಗ ದಿನದ ಫೋಟೊ ನೋಡಿ ಸುಮ್ನೆ ಅಂಜಬೇಡಿ.

ನಾದಿನಿಯ ವಿಷಯ ಇಷ್ಟು ಬೇಗ ಮುಗಿಯುವುದಲ್ಲ. ಮನಸ್ಸಿನ ಅಲೆಗಳನ್ನು ತಡೆಯುವುದೇ ಯೋಗ ಎಂದು ಎರಡನೇ ಸೂತ್ರ ಹೇಳುತ್ತದೆ. ಆ ಅಲೆಗಳು ಐದು ಬಗೆ, ನೆನಪು ಅದರಲ್ಲೊಂದು. ಅಂದ ಮೇಲೆ ನಿಮ್ಮ ತೊಂದರೆ ಪತಂಜಲಿಗೆ ಗೊತ್ತಿದ್ದದ್ದೇ! ಮನಸ್ಸು ತಿಳಿಯಾಗಲು ಅವರು ಒಂದು ಉಪಾಯವನ್ನೂ ಹೇಳುತ್ತಾರೆ. ಸುಖವಾಗಿರುವವರ ಬಗ್ಗೆ ಗೆಳೆತನ, ನೊಂದವರ ಬಗ್ಗೆ ಕರುಣೆ, ಒಳ್ಳೆಯವರನ್ನು ಕಂಡರೆ ಸಂತೋಷ, ಕೆಟ್ಟದ್ದು ಮಾಡುವವರ ಬಗ್ಗೆ ಉಪೇಕ್ಷೆ, ಅಂದರೆ ಮನಸ್ಸಿಗೆ ಹಚ್ಚಿಕೊಳ್ಳದಿರುವುದು. ಓದಲು ಸುಲಭ. ನಮ್ಮ ಶಿರಸಿ ಕಡೆ ಪಕ್ಕದ ತೋಟದವರ ಅಡಿಕೆಗೆ ಜಾಸ್ತಿ ದರ ಸಿಕ್ಕಿತು ಅಂದಾಗ ಗೆಳೆತನ ಉಳಿಸಿಕೊಳ್ಳುವುದು ಶೀರ್ಷಾಸನಕ್ಕಿಂತ ಕಷ್ಟ.

ಉಪೇಕ್ಷೆ ಅಂದರೆ ಮಾತು ಬಿಡುವುದು ಅಂದುಕೊಳ್ಳಬೇಡಿ. ಮಾತು ಬಿಟ್ಟವರು ಒಳಗೊಳಗೇ ದಿನವಿಡೀ ಮಾತಾಡುತ್ತಿರುತ್ತಾರೆ. ಅನುಭವದಿಂದಲೇ ಹೇಳುತ್ತಿದ್ದೇನೆ. ಇನ್ನೊಂದು ಮಾತು. ನಾದಿನಿಯನ್ನು ನೀವು ನಾಲ್ಕನೆಯ ಗುಂಪಿನಲ್ಲಿ ಕೂರಿಸಿಬಿಟ್ಟಿದ್ದೀರಿ. ಅವರು ಎರಡನೆಯದಕ್ಕೆ ಸೇರಿದವರಿರಬಹುದು, ಅಲ್ವಾ?

ಇನ್ನು ಆಶ್ರಮ. ಅಣ್ಣ ಸತ್ಯೇಂದ್ರನಾಥರು ನಿಮ್ಮೂರಿನಲ್ಲಿ ನ್ಯಾಯಾಧೀಶರಾಗಿದ್ದಾಗ ರವೀಂದ್ರನಾಥ ಠಾಗೋರರು ಅಲ್ಲಿಗೆ ಬಂದಿದ್ದರು. ಇನ್ನೂ 22ರ ಹುಡುಗ. ಅಲ್ಲೇ ಒಂದು ನಾಟಕ ಬರೆದರು. ಅದರ ಸಂನ್ಯಾಸಿ ಪ್ರೀತಿ, ಬಂಧ ಎಲ್ಲ ಕಡಿದುಕೊಂಡು ಕೂತಿದ್ದಾನೆ. ಒಬ್ಬ ಪುಟ್ಟ ಹುಡುಗಿ ಅವನನ್ನು ಮತ್ತೆ ಲೋಕಕ್ಕೆ ಎಳೆದು ತರುತ್ತಾಳೆ. ಪತಂಜಲಿ ಇದನ್ನು ಪೂರ್ತಿ ಒಪ್ಪುತ್ತಿರಲಿಲ್ಲ ಅನ್ನಿ. ಅವರ ಯೋಗಸೂತ್ರದ ಕೊನೆಯ ಪಾದದ, ಅಂದರೆ ಅಧ್ಯಾಯದ, ಹೆಸರೇ ಕೈವಲ್ಯ, ತಾನೊಂದೇ ಆಗಿ ಉಳಿಯುವುದು. ಆದರೆ ಅವರು ಹೇಳುವ ಯೋಗದ ಎಂಟು ಅಂಗಗಳಲ್ಲಿ ಆಸನ ಮೂರನೆಯದು. ಮೊದಲನೆಯದು ಯಮ: ನೋಯಿಸದಿರುವುದು, ಸುಳ್ಳಾಡದಿರುವುದು, ಕದಿಯದಿರುವುದು, ಹೀಗೆ ಐದು. ನೋಯಿಸದೆ ಇರುವುದನ್ನು ಕಲಿಯಬೇಕಾದರೆ ಎದುರಿಗೆ ಒಬ್ಬರಾದರೂ ಬೇಕಲ್ಲ?

ಆಶ್ರಮದ ಯೋಚನೆ ಸದ್ಯಕ್ಕೆ ಬದಿಗಿಡಿ. ಚೌತಿಗೆ ನಾದಿನಿ ಬಂದು ಹೋದ ಮೇಲೆ ಇನ್ನೊಂದು ಪತ್ರ ಹಾಕಿ.

ಸಂಪಾದಕ