ನಾಲ್ಕು ಇಂಚು ನೆಲಕ್ಕೆ ಸಾಕು, ಗೋಡೆಗೆ ಸಾಲದು

ಓದುಗರ ಪತ್ರ: ಹಿತ್ತಲಲ್ಲಿ ಸಾಮಾನು ಇಡಲು 10 ಅಡಿ ಉದ್ದ, 8 ಅಡಿ ಅಗಲದ ಇಟ್ಟಿಗೆ ಕೋಣೆ ಕಟ್ಟಿಸುತ್ತಿದ್ದೇನೆ. ಗೋಡೆ 9 ಇಂಚು ದಪ್ಪ, 7 ಅಡಿ ಎತ್ತರ. ನೆಲ ಮಟ್ಟ ಮಾಡಿ 4 ಇಂಚು ಕಾಂಕ್ರೀಟ್ ಬೆಡ್ ಹಾಕಿ ಅದರ ಮೇಲೇ ಗೋಡೆ ಎಬ್ಬಿಸೋಣ ಎನ್ನುತ್ತಾರೆ ಮೇಸ್ತ್ರಿ. ಅಷ್ಟು ಸಾಕೇ?

ಸಂಪಾದಕರ ಉತ್ತರ: ಸಾಲದು. ಕೋಣೆ ಚಿಕ್ಕದಾದರೂ ಇಟ್ಟಿಗೆ ಹಗುರವಲ್ಲ. ನೀವು ಹೇಳಿದ ಗೋಡೆ ಒಂದಡಿ ಉದ್ದಕ್ಕೆ ಸುಮಾರು 280 ಕಿಲೋ ತೂಗುತ್ತದೆ. ಆ ಭಾರವೆಲ್ಲ ಬೆಡ್‌ನ ಅಂಚಿನ ಮೇಲೆ, ಅಂದರೆ ಅದು ಅತಿ ದುರ್ಬಲವಾಗಿರುವ ಕಡೆಯೇ ಕೂರುತ್ತದೆ. ಅಂಚು ಕುಸಿದರೆ ನೆಲ ಗೋಡೆಯ ಗುಂಟ ಸೀಳುತ್ತದೆ, ಮೂಲೆಯ ಇಟ್ಟಿಗೆ ವರಸೆಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಏಳುತ್ತದೆ. ಆದ್ದರಿಂದ ನಡುವೆ 4 ಇಂಚು ಇರಲಿ, ಗೋಡೆಯ ಕೆಳಗೆ ಸುತ್ತಲೂ 15 ಇಂಚು ಅಗಲಕ್ಕೆ ಕಾಂಕ್ರೀಟ್ 18 ಇಂಚು ಆಳವಾಗಲಿ. ಎರಡನ್ನೂ ಒಂದೇ ಸಲ ಹಾಕಿಸಿ.

ಬೆಡ್ಡಿನ ಮೇಲ್ಮೈ ಸುತ್ತಲ ನೆಲಕ್ಕಿಂತ 6 ಇಂಚು ಎತ್ತರ ಬರಬೇಕು. ಆಗ ಅಂಚಿನ ತಳ ನೆಲದಿಂದ ಒಂದಡಿ ಕೆಳಗೆ, ಯಾರೂ ಅಗೆಯದ ಗಟ್ಟಿ ಮಣ್ಣಿನ ಮೇಲೆ ಕೂರುತ್ತದೆ. ಬೆಡ್ಡಿನ ಹೊರ ಅಂಚು ಗೋಡೆಯ ಹೊರಮೈಗೆ ಸರಿಯಾಗಿರಲಿ. ಹೊರಗೆ ಚಾಚಿಕೊಂಡರೆ ಗೋಡೆಯಿಂದ ಇಳಿದ ಮಳೆನೀರು ಅಲ್ಲೇ ನಿಂತು ಮೊದಲ ವರಸೆಯೊಳಗೆ ಇಳಿಯುತ್ತದೆ. ದಾರ ಕಟ್ಟಿದ ಮೇಲೆ ಎರಡೂ ಕರ್ಣಗಳನ್ನು ಅಳೆಯಿರಿ. ಎರಡೂ 12 ಅಡಿ 9.7 ಇಂಚು ಬಂದರೆ ಮೂಲೆಗಳು ಸರಿಯಾಗಿವೆ.

ಒಳಭಾಗದ ಮೇಲ್ಮಣ್ಣನ್ನು 6 ಇಂಚು ತೆಗೆಸಿ. ಬೇರು, ಕಸ ಇರುವ ಮಣ್ಣು ಕೊಳೆತು ಕುಗ್ಗುತ್ತದೆ. ಆ ಜಾಗಕ್ಕೆ 6 ಇಂಚು ದಪ್ಪ ಜಲ್ಲಿ ಅಥವಾ ಕಲ್ಲುಚೂರು ತುಂಬಿಸಿ, ಆದರೆ ಒಂದೇ ಸಲಕ್ಕಲ್ಲ. ಮೂರು ಇಂಚಿಗೊಮ್ಮೆ ದಿಮ್ಮಸು ಹಾಕಿಸಿ, ಏಕೆಂದರೆ ಪೂರಾ ಸುರಿದು ಮೇಲೆ ಬಡಿದರೆ ಮೇಲಿನ ಪದರ ಮಾತ್ರ ಗಟ್ಟಿಯಾಗುತ್ತದೆ. ಅದರ ಮೇಲೆ 2 ಇಂಚು ಮರಳು, ಆಮೇಲೆ 250 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ. ಹಾಳೆ ಗೋಡೆಯ ಕೆಳಗಿನ ಅಂಚಿಗಾಗಿ ತೋಡಿದ ಕಾಲುವೆಯೊಳಕ್ಕೂ ಇಳಿಯಲಿ, ಜೋಡಣೆಯಲ್ಲಿ ಒಂದಡಿ ಒಂದರ ಮೇಲೊಂದು ಬರಲಿ.

ಕಂಬಿಯ ವಿಷಯದಲ್ಲೇ ಹೆಚ್ಚು ಕೆಲಸ ಕೆಡುವುದು. 8 ಎಂಎಂ ಕಂಬಿಯನ್ನು ಎರಡೂ ದಿಕ್ಕಿಗೆ 8 ಇಂಚಿಗೊಂದರಂತೆ ಕಟ್ಟಿಸಿ. ಅಂಚಿನಲ್ಲಿ ಮೇಲೆರಡು, ಕೆಳಗೆರಡು 10 ಎಂಎಂ ಕಂಬಿ ಇಟ್ಟು, ನಾಲ್ಕನ್ನೂ ಸುತ್ತಿ ಹಿಡಿಯುವ ರಿಂಗ್ ಹಾಕಿಸಿ. ಕಾಂಕ್ರೀಟ್ ಸುರಿಯುವಾಗ ಕೊಕ್ಕೆಯಿಂದ ಎತ್ತಿಕೊಳ್ಳುತ್ತೇವೆ ಎಂದರೆ ಒಪ್ಪಬೇಡಿ. ಎತ್ತಿದ ಕಂಬಿಯ ಮೇಲೆ ಮರುಕ್ಷಣ ಯಾರದಾದರೂ ಕಾಲು ಬಿದ್ದು ಅದು ಹಾಳೆಗೆ ಅಂಟುತ್ತದೆ, ಅಂಥ ಕಂಬಿ ಇದ್ದೂ ಇಲ್ಲದಂತೆ. ಕಂಬಿಯನ್ನು ಹಾಳೆಯಿಂದ ಎತ್ತಿ ಹಿಡಿಯುವ 2 ಇಂಚಿನ ಕವರ್ ಬ್ಲಾಕ್‌ಗಳನ್ನು ಎರಡೂವರೆ ಅಡಿಗೊಂದರಂತೆ ಮೊದಲೇ ಇಡಿಸಿ. ವೈರು, ಪೈಪಿಗೆ ದಾರಿ ಬೇಕಿದ್ದರೆ ಆ ಕೊಳವೆಯೂ ಈಗಲೇ ಕೂರಲಿ.

ಲೆಕ್ಕ ಹೀಗೆ: ನಡು, ಅಂಚು ಸೇರಿ 72 ಘನ ಅಡಿ. ಚೆಲ್ಲುವುದನ್ನೂ ಹಿಡಿದು 75. ಒಂದು ಪಾಲು ಸಿಮೆಂಟಿಗೆ ಒಂದೂವರೆ ಮರಳು, ಮೂರು ಜಲ್ಲಿಯ ಮಿಶ್ರಣಕ್ಕೆ 50 ಕಿಲೋದ 17 ಚೀಲ ಸಿಮೆಂಟ್, ಸುಮಾರು 32 ಘನ ಅಡಿ ಮರಳು, 64 ಘನ ಅಡಿ 20 ಎಂಎಂ ಜಲ್ಲಿ ಬೇಕು. ಚೀಲಕ್ಕೆ 25 ಲೀಟರಿಗಿಂತ ಹೆಚ್ಚು ನೀರು ಬೇಡ, ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. ಸುಲಭವಾಗಿ ಹರಿಯಲಿ ಎಂದು ಒಂದು ಬಕೆಟ್ ಜಾಸ್ತಿ ಸುರಿದರೆ ಬಲ ಕುಗ್ಗುತ್ತದೆ, ಮೇಲ್ಮೈ ಪುಡಿಯೇಳುತ್ತದೆ. ಮಿಕ್ಸರ್ ತರಿಸಿ ಒಂದೇ ದಿನ ಮುಗಿಸಿ, ನಡುವೆ ಊಟಕ್ಕೆಂದು ನಿಲ್ಲಿಸಿದರೆ ಹಳೆ, ಹೊಸ ಕಾಂಕ್ರೀಟ್ ಬೆಸೆಯದೆ ಅಲ್ಲೊಂದು ಸಂದು ಉಳಿದುಬಿಡುತ್ತದೆ.

ಜಾಗ ಎರೆಮಣ್ಣಿನದಾದರೆ ಈ ಲೆಕ್ಕ ನಡೆಯದು. ಅದು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವಾಗ ಒಂದಡಿ ಆಳದ ಅಂಚನ್ನು ಎತ್ತಿ ಇಳಿಸುತ್ತದೆ. ಕಟ್ಟುವ ಮೊದಲೇ ಎಂಜಿನಿಯರಿಗೆ ಮಣ್ಣು ತೋರಿಸಿ.

ಕಾಂಕ್ರೀಟ್ ಬಿಗಿದ ಕೂಡಲೇ ಒದ್ದೆ ಗೋಣಿ ಹೊದಿಸಿ, ಕನಿಷ್ಠ 10 ದಿನ ಒಣಗಲು ಬಿಡಬೇಡಿ. ಏಳು ದಿನ ಕಳೆದ ಮೇಲೆ ಗೋಡೆ ಎಬ್ಬಿಸಬಹುದು. ಮೊದಲ ವರಸೆಯ ಕೆಳಗೆ ತೇವ ತಡೆಯುವ ಹಾಳೆಯನ್ನು ಗಾರೆಯ ನಡುವೆ ಹಾಸಿಸಲು ಮರೆಯಬೇಡಿ.