ಹಳದಿ ಮೇಲೆ, ಕೆಂಪು ಕೆಳಗೆ: ಓಣಿಯ ಧ್ವಜ ಹೊಲಿಸುವ ಮುನ್ನ

ಪ್ರಶ್ನೆ: ಈ ಸಲ ರಾಜ್ಯೋತ್ಸವಕ್ಕೆ ನಮ್ಮ ಓಣಿಗೆ ಹೊಸ ಕನ್ನಡ ಧ್ವಜ ಹೊಲಿಸಬೇಕು ಅಂತ ಮಾಡಿದ್ದೇವೆ. ಎರಡು ಬಣ್ಣ ಸಾಕು ಅಂತಾರೆ ಹಿರಿಯರು. ನಡುವೆ ಬಿಳಿ ಪಟ್ಟಿ, ಗಂಡಭೇರುಂಡ ಇರೋದೇ ಸರ್ಕಾರದ್ದು ಅಂತಾರೆ ಹುಡುಗರು. ಯಾವುದು ಸರಿ ಸರ್? ಬಣ್ಣಗಳ ಅರ್ಥ ಏನು? ಅಳತೆ ಎಷ್ಟು? ತ್ರಿವರ್ಣ ಧ್ವಜದ ಕಂಬಕ್ಕೇ ಕಟ್ಟಬಹುದಾ?
— ಓದುಗರೊಬ್ಬರು, ಹಳೇ ಹುಬ್ಬಳ್ಳಿ

ಉತ್ತರ: ಹಿರಿಯರ ಮಾತೇ ಸರಿ. ಎರಡೇ ಬಣ್ಣ ಹೊಲಿಸಿ. ಹಳದಿ ಮೇಲೆ, ಕೆಂಪು ಕೆಳಗೆ.

ಹುಡುಗರು ಹೇಳುವ ಧ್ವಜವೂ ಸುಮ್ನೆ ಹುಟ್ಟಿದ್ದಲ್ಲ. 2017ರಲ್ಲಿ ರಾಜ್ಯ ಸರ್ಕಾರ ಧ್ವಜಕ್ಕಾಗಿಯೇ ಒಂದು ಸಮಿತಿ ಮಾಡಿತ್ತು. 2018ರ ಮಾರ್ಚ್ 8ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೊಸ ವಿನ್ಯಾಸ ತೋರಿಸಿದರು. ಮೇಲೆ ಹಳದಿ, ನಡುವೆ ಬಿಳಿ, ಕೆಳಗೆ ಕೆಂಪು, ಬಿಳಿಯ ಮಧ್ಯೆ ರಾಜ್ಯದ ಲಾಂಛನ. ಅದಕ್ಕೆ ಕೇಂದ್ರದ ಒಪ್ಪಿಗೆ ಬೇಕಿತ್ತು, ಅದು ಸಿಗಲಿಲ್ಲ. ಲಾಂಛನದಲ್ಲಿರುವ ಎರಡು ತಲೆಯ ಹಕ್ಕಿಯ ಬಗ್ಗೆ ನನಗೆ ಬಹಳ ಪ್ರೀತಿ. ಹಾವೇರಿ ದಾಟಿ ಶಿರಾಳಕೊಪ್ಪದ ಕಡೆ ಹೋದರೆ ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಕಂಬ ಇದೆ, ಹುಡುಗರನ್ನು ಒಮ್ಮೆ ಕರೆದುಕೊಂಡು ಹೋಗಿ. ಆದರೆ ಲಾಂಛನ ಸರ್ಕಾರದ ಮುದ್ರೆ. ಓಣಿಯ ಧ್ವಜಕ್ಕೆ ಅದು ಬೇಡ.

ಎರಡು ಬಣ್ಣದ ಧ್ವಜ ಸರ್ಕಾರ ಕೊಟ್ಟದ್ದಲ್ಲ. 1960ರ ದಶಕದಲ್ಲಿ ಮ. ರಾಮಮೂರ್ತಿ ಅವರು ತಮ್ಮ ಕನ್ನಡ ಪಕ್ಷಕ್ಕೆ ಅಂತ ಮಾಡಿದ್ದು. ಪಕ್ಷವನ್ನು ಜನ ಮರೆತರು, ಧ್ವಜವನ್ನು ಮಾತ್ರ ಕೈಬಿಡಲಿಲ್ಲ. ಕಾರಣ ಸರಳ. ಬಟ್ಟೆ ಅಂಗಡಿಗೆ ಹೋಗಿ ಎರಡು ತುಂಡು ತಂದರೆ ಯಾರು ಬೇಕಾದರೂ ಮನೆಯಲ್ಲೇ ಹೊಲಿಯಬಹುದು. ಆಟೋದವರು, ಹಮಾಲರು, ಶಾಲೆ ಮಕ್ಕಳು ಎಲ್ಲರೂ ಅದನ್ನು ತಮ್ಮದು ಮಾಡಿಕೊಂಡದ್ದು ಹೀಗೆ.

ಅರ್ಥದ ಮಾತಿಗೆ ಬರೋಣ. ಹಳದಿ ಅರಿಶಿನ, ಕೆಂಪು ಕುಂಕುಮ. ಹಳದಿ ಶಾಂತಿ, ಕೆಂಪು ಕ್ರಾಂತಿ ಅಂತಲೂ ಹೇಳುವುದುಂಟು. ಎರಡೂ ಬಳಕೆಯಲ್ಲಿವೆ, ನನಗೆ ಮೊದಲನೆಯದೇ ಹತ್ತಿರ. ಯಾಕೆ ಅಂತ ತಿಳಿಯಬೇಕಾದರೆ ಒಂದು ಕೆಲಸ ಮಾಡಿ. ತಟ್ಟೆಯಲ್ಲಿ ಅರಿಶಿನ ಪುಡಿಗೆ ನೀರು ಹಾಕಿ ಕಲಸಿ, ಮೇಲೆ ಚಿಟಿಕೆ ಸುಣ್ಣ ಬಿಡಿ. ಬೆರಳು ಆಡಿಸಿದ ಕಡೆಯೆಲ್ಲ ಹಳದಿ ಕೆಂಪಗಾಗುತ್ತ ಹೋಗುತ್ತದೆ. ಆರತಿಯ ಕೆಂಪು ನೀರು ಆಗುವುದು ಹೀಗೇ. ಹಿಂದೆ ಮನೆಯಲ್ಲಿ ಕುಂಕುಮ ಮಾಡುತ್ತಿದ್ದುದೂ ಅರಿಶಿನದಿಂದಲೇ. ಅಂದರೆ ನಮ್ಮ ಧ್ವಜದ ಎರಡೂ ಬಣ್ಣ ಒಂದೇ ಬೇರಿನಿಂದ ಬಂದವು. ಉಡಿ ತುಂಬುವಾಗ, ಮನೆಗೆ ಬಂದವರನ್ನು ಕಳಿಸಿಕೊಡುವಾಗ ನಮ್ಮ ಕಡೆ ಹೆಣ್ಣುಮಕ್ಕಳು ಕೈಯಲ್ಲಿ ಹಿಡಿಯುವ ಬಣ್ಣಗಳು ಇವು. ಅಡುಗೆಮನೆಯಲ್ಲಿದ್ದ ಬಣ್ಣ ಕಂಬದ ತುದಿಗೆ ಏರಿದೆ. ನನಗೆ ಇದಕ್ಕಿಂತ ದೊಡ್ಡ ಅರ್ಥ ಬೇಕಿಲ್ಲ.

ಅಳತೆಗೆ ಕಾನೂನಿನ ಕಟ್ಟು ಇಲ್ಲ. ಉದ್ದ ಮೂರು ಪಾಲು, ಅಗಲ ಎರಡು ಪಾಲು ಇಟ್ಟರೆ ಗಾಳಿಯಲ್ಲಿ ಚೆನ್ನಾಗಿ ಹಾರುತ್ತದೆ. ಮೂರು ಅಡಿ ಉದ್ದ, ಎರಡು ಅಡಿ ಅಗಲದ ಧ್ವಜಕ್ಕೆ ಪ್ರತಿ ಬಣ್ಣವನ್ನೂ 40 ಇಂಚು ಉದ್ದ, 13 ಇಂಚು ಅಗಲ ಕತ್ತರಿಸಿ. ಜಾಸ್ತಿ ಇರುವುದು ಹೊಲಿಗೆಗೆ, ಹಗ್ಗ ತೂರಿಸುವ ಕೊಳವೆಗೆ. ಹಾರುವ ತುದಿ ಮೊದಲು ಹರಿಯುತ್ತದೆ, ಅಲ್ಲಿ ಅಂಚು ಎರಡು ಸಲ ಮಡಚಿ ಎರಡು ಸಾಲು ಹೊಲಿಗೆ ಹಾಕಿಸಿ. ಕೆಂಪು ಬಟ್ಟೆಯನ್ನು ಹೊಲಿಯುವ ಮೊದಲೇ ನೀರಲ್ಲಿ ನೆನೆಸಿ, ಬಣ್ಣ ಬಿಡುವುದು ನಿಲ್ಲುವವರೆಗೆ ಒಗೆಯಿರಿ. ಒಮ್ಮೆ ನಮ್ಮ ಓಣಿಯಲ್ಲಿ ಇದನ್ನು ಮರೆತಿದ್ದೆವು. ರಾತ್ರಿ ಮಳೆ ಬಂತು, ಒದ್ದೆ ಧ್ವಜ ಕಂಬಕ್ಕೆ ಸುತ್ತಿಕೊಂಡಿತು. ಬೆಳಿಗ್ಗೆ ನೋಡಿದರೆ ಹಳದಿ ತುಂಬ ಕೆಂಪು ಕಲೆ. ಮಕ್ಕಳು ಅಳುವುದೊಂದು ಬಾಕಿ.

ಕಂಬದ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ತ್ರಿವರ್ಣ ಧ್ವಜದ ಕಂಬಕ್ಕೆ ಬೇರೆ ಯಾವ ಧ್ವಜವನ್ನೂ ಕಟ್ಟುವಂತಿಲ್ಲ. ಅದಕ್ಕಿಂತ ಎತ್ತರದಲ್ಲೂ ಹಾರಿಸುವಂತಿಲ್ಲ. ಕನ್ನಡ ಧ್ವಜಕ್ಕೆ ಬೇರೆ ಕಂಬ ನೆಡಿ, ಸ್ವಲ್ಪ ದೂರದಲ್ಲಿ, ಸ್ವಲ್ಪ ಗಿಡ್ಡದಾಗಿ. ನಮ್ಮೂರಲ್ಲಿ ಈ ಎಚ್ಚರ ಇನ್ನೂ ಜಾಸ್ತಿ ಇರಬೇಕು, ಅಲ್ವಾ? ತ್ರಿವರ್ಣಕ್ಕೆ ಖಾದಿ ನೇಯುವ ಗರಗ ಧಾರವಾಡದ ಮಗ್ಗುಲಲ್ಲೇ ಇದೆ. ತ್ರಿವರ್ಣ ಧ್ವಜ ಹೊಲಿಯುವ ಖಾದಿ ಸಂಘ ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿದೆ, 1957ರಲ್ಲಿ ಶುರುವಾದದ್ದು. ಅಲ್ಲಿ ಒಂಬತ್ತು ಅಳತೆ ಇವೆ, 21 ಅಡಿ ಉದ್ದದ್ದರಿಂದ ಹಿಡಿದು 6 ಇಂಚಿನದರವರೆಗೆ. ಚಕ್ರದ 24 ಗೆರೆ ಬಟ್ಟೆಯ ಎರಡೂ ಬದಿಯಲ್ಲಿ ಒಂದರ ಮೇಲೊಂದು ಸರಿಯಾಗಿ ಕೂರಬೇಕು, ಕೂರದಿದ್ದರೆ ಆ ತುಂಡು ಪಕ್ಕಕ್ಕೆ ಹೋಗುತ್ತದೆ. ನಿಮ್ಮ ಧ್ವಜ ಹೊಲಿಯುವ ಟೇಲರ್‌ಗೂ ಇದನ್ನು ಹೇಳಿ. ಎರಡು ಬಣ್ಣ ಸೇರುವ ನಡುವಿನ ಹೊಲಿಗೆ ನೇರವಾಗಿರಲಿ, ದೂರದಿಂದ ಮೊದಲು ಕಾಣುವುದು ಅದೇ.

ನವೆಂಬರ್ ಮುಗಿದ ಮೇಲೆ ಹಾಗೇ ಬಿಡಬೇಡಿ. ಬಿಸಿಲಿಗೆ ಕೆಂಪು ಬೇಗ ಬಿಳಚಿಕೊಳ್ಳುತ್ತದೆ. ಇಳಿಸಿ, ಒಗೆದು, ನೆರಳಲ್ಲಿ ಒಣಗಿಸಿ, ಹಳದಿ ಹೊರಗೆ ಬರುವಂತೆ ಮಡಚಿ ಎತ್ತಿಡಿ.