ಹುಳು ಹಣ್ಣಾಗುವ ದಿನವೇ ಮದುವೆ ಇಟ್ಟುಕೊಳ್ಳಿ

ಓದುಗರ ಪತ್ರ: ನಾನು ಶಿಡ್ಲಘಟ್ಟ ತಾಲೂಕಿನವನು, ರೇಷ್ಮೆ ಹುಳು ಸಾಕುವ ಮನೆಯವನು. ಚಿತ್ರಕಥೆ ಬರೆಯುವ ಶಿಬಿರವೊಂದಕ್ಕೆ ಹೋಗಿದ್ದೆ. ಪಾತ್ರ, ಕಥಾಹಂದರ, ಸ್ಥಳ, ಸಂಘರ್ಷ, ಆಶಯ ಎಂದು ಐದು ಅಂಶಗಳನ್ನು ಹೇಳಿಕೊಟ್ಟರು. ಒಂದೊಂದಕ್ಕೂ ಒಂದೊಂದು ಹಾಳೆ ತುಂಬಿಸಿದ್ದೇನೆ. ರೇಷ್ಮೆ ಬೆಳೆಗಾರನ ಮಗ, ಗೂಡಿನಿಂದ ನೂಲು ಬಿಚ್ಚಿಸುವ ರೀಲರ್ ಒಬ್ಬರ ಮಗಳು, ಇಬ್ಬರ ಪ್ರೀತಿ, ಅದಕ್ಕೆ ಅಡ್ಡ ಬರುವ ಅವಳ ತಂದೆ. ಓದಿದವರೆಲ್ಲ ‘ಎಲ್ಲೋ ನೋಡಿದಂತಿದೆ’ ಎನ್ನುತ್ತಾರೆ. ಕಥಾಹಂದರ ಗಟ್ಟಿಯಾಗಿ, ತಿರುವುಗಳು ಚೆನ್ನಾಗಿದ್ದರೆ ಉಳಿದದ್ದು ತಾನಾಗಿ ಬರುತ್ತದೆ ಎಂದು ನನ್ನ ನಂಬಿಕೆ. ಕಥೆಯನ್ನು ಬೆಂಗಳೂರಿಗೆ ಸಾಗಿಸಿದರೆ ನಿರ್ಮಾಪಕರು ಸಿಗುತ್ತಾರೆ ಎಂದು ಗೆಳೆಯರ ಸಲಹೆ. ಏನು ಮಾಡಲಿ?

ಸಂಪಾದಕರ ಉತ್ತರ: ಪತ್ರದೊಂದಿಗೆ ನೀವು ಕಳುಹಿಸಿದ ಚಿತ್ರಕಥೆಯನ್ನೂ ಐದು ಹಾಳೆಗಳನ್ನೂ ಪೂರ್ತಿ ಓದಿದೆ. ಸಂಭಾಷಣೆ ಬರೆಯುವ ಕೈ ನಿಮಗಿದೆ. ಹುಡುಗಿ ತಂದೆಯ ಎದುರು ನಿಂತು ಮಾತನಾಡುವ ದೃಶ್ಯವನ್ನು ಎರಡು ಸಲ ಓದಿದೆ. ಆದ್ದರಿಂದಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕಥಾಹಂದರದ ಬಗ್ಗೆ ನೀವು ಹೇಳಿದ್ದಕ್ಕೆ ಹಿರಿಯರ ಬೆಂಬಲವಿದೆ. ಅರಿಸ್ಟಾಟಲ್ ದುರಂತ ನಾಟಕದ ಆರು ಅಂಗಗಳನ್ನು ಎಣಿಸಿ, ಕಥಾಹಂದರವೇ ಅದರ ಆತ್ಮ ಎಂದ. ಪಾತ್ರಕ್ಕೆ ಎರಡನೆಯ ಸ್ಥಾನ ಕೊಟ್ಟ. ನಮ್ಮ ಭರತಮುನಿಯ ನಾಟ್ಯಶಾಸ್ತ್ರವೂ ಇತಿವೃತ್ತವನ್ನು, ಅಂದರೆ ಕಥಾಹಂದರವನ್ನು, ನಾಟ್ಯದ ಶರೀರ ಎನ್ನುತ್ತದೆ. ಮುಂದೇನಾಯಿತು ಎಂಬ ಕುತೂಹಲವಿಲ್ಲದೆ ಯಾರೂ ಎರಡೂವರೆ ಗಂಟೆ ಕೂರುವುದಿಲ್ಲ, ಒಪ್ಪಿದೆ. ಆದರೆ ಅದೇ ನಾಟ್ಯಶಾಸ್ತ್ರ ಪ್ರಾರಂಭ, ಪ್ರಯತ್ನ, ಪ್ರಾಪ್ತಿಸಂಭವ, ನಿಯತಫಲಪ್ರಾಪ್ತಿ, ಫಲಯೋಗ ಎಂಬ ಐದು ಅವಸ್ಥೆಗಳನ್ನು ವಿವರಿಸುವಾಗ, ಅವು ಫಲ ಬಯಸಿ ಹೊರಟವನ ಕೆಲಸದ ಹಂತಗಳು ಎನ್ನುತ್ತದೆ. ಬಯಸುವವನಿಲ್ಲದೆ ಆರಂಭವೇ ಇಲ್ಲ. ಭರತನ ಲೆಕ್ಕದಲ್ಲಿ ಪಾತ್ರಕ್ಕೊಂದು ಹಾಳೆ, ಕಥೆಗೊಂದು ಹಾಳೆ ಎಂಬುದಿಲ್ಲ.

ಈಗ ನಿಮ್ಮ ಸ್ಥಳದ ಹಾಳೆಗೆ ಬರುತ್ತೇನೆ. ಅದರಲ್ಲಿರುವುದು ಒಂದೇ ಸಾಲು: ‘ಶಿಡ್ಲಘಟ್ಟ, ಹಿಪ್ಪುನೇರಳೆ ತೋಟ, ದೂರದಲ್ಲಿ ನಂದಿಬೆಟ್ಟ.’ ಇದನ್ನು ಓದಿ ನನಗೆ ನಿಜವಾಗಿ ಬೇಸರವಾಯಿತು. ಬೇರೆ ಊರಿನವರು ಬರೆದಿದ್ದರೆ ಸುಮ್ಮನಿರುತ್ತಿದ್ದೆ. ಹುಳುವಿನ ಮನೆಯಲ್ಲೇ ಬೆಳೆದವರು ನೀವು!

ಮೊಟ್ಟೆಯೊಡೆದ ಹುಳು ನಾಲ್ಕು ಜ್ವರ (ಪೊರೆ ಕಳಚುವ ಹೊತ್ತು) ಕಳೆದು ಹಣ್ಣಾಗುವುದಕ್ಕೆ, ಅಂದರೆ ಗೂಡು ಕಟ್ಟಲು ಸಿದ್ಧವಾಗುವುದಕ್ಕೆ, ಹೆಚ್ಚುಕಡಿಮೆ 25 ದಿನ ಬೇಕು. ಅದು ತಿನ್ನುವ ಸೊಪ್ಪಿನಲ್ಲಿ ಶೇಕಡ 80ಕ್ಕೂ ಹೆಚ್ಚು ಪಾಲು ಖರ್ಚಾಗುವುದು ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರದಲ್ಲಿ. ಆ ವಾರ ಮನೆಯವರಿಗೆ ಊಟ, ನಿದ್ದೆ, ನೆಂಟರು ಯಾವುದೂ ಇಲ್ಲ. ಹಣ್ಣಾದ ಹುಳುವನ್ನು ಹೊತ್ತಿಗೆ ಸರಿಯಾಗಿ ಆಯ್ದು, ಅದು ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡದಿದ್ದರೆ ನೂಲು ಎಲ್ಲೆಂದರಲ್ಲಿ ಸುರಿದು ವ್ಯರ್ಥವಾಗುತ್ತದೆ. ಗೂಡು ಬಿಡಿಸಿದ ಮೇಲಾದರೂ ಉಸಿರಾಡಬಹುದೇ? ದರ ಏರಲಿ ಎಂದು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಕೆಲವೇ ದಿನಗಳಲ್ಲಿ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ಆ ಗೂಡಿನಿಂದ ನೂಲು ಬಿಚ್ಚಲಾಗದು. ಬೆಳೆಗಾರ ಆ ದಿನದ ಹರಾಜಿಗೆ ತಲೆಬಾಗಲೇಬೇಕು. ಅತ್ತ ರೀಲರ್‌ಗೂ ಗೂಡು ಬೇಯಿಸುವ ಒಲೆ ಆರಿಸುವ ಹಾಗಿಲ್ಲ. ನೂಲು ಬಿಚ್ಚಾಣಿಕೆಗೆ ಬಂದ ಹೆಂಗಸರಿಗೆ ಸಂಜೆ ಕೂಲಿ ಕೊಡಬೇಕು. ನಿಮ್ಮ ಕಥೆಯಲ್ಲಿ ಈ ರೀಲರ್ ಮೀಸೆ ತಿರುವಿಕೊಂಡು ಗದರಿಸುವುದು ಬಿಟ್ಟರೆ ಬೇರೇನನ್ನೂ ಮಾಡುವುದಿಲ್ಲ. ಮಾರುಕಟ್ಟೆಯಲ್ಲಿ ಹುಡುಗನ ತಂದೆ ಗೂಡು ಸುರಿದ ಜಾಲರಿಯ ಮುಂದೆ ಅವನನ್ನು ನಿಲ್ಲಿಸಿ, ಗೂಡನ್ನು ಕೈಯಲ್ಲಿ ಹಿಡಿಸಿ, ಕಿಲೋಗೆ ಹತ್ತು ರೂಪಾಯಿ ಕಡಿಮೆ ದರ ಹಾಕಿಸಿ ನೋಡಿ. ಪಾತ್ರ, ಸಂಘರ್ಷ, ಸ್ಥಳ ಮೂರೂ ಆ ಒಂದು ದರದಲ್ಲೇ ಬಂದುಬಿಡುತ್ತವೆ.

ನಮ್ಮ ಬಂಧುಗಳ ಮದುವೆಯೊಂದರಲ್ಲಿ ಸೋದರಮಾವ ಹುಡುಗಿಯನ್ನು ಮಂಟಪಕ್ಕೆ ಕರೆತಂದು ಕೂರಿಸಿ, ಅಕ್ಷತೆ ಹಾಕಿ, ಎಲೆಯ ಮುಂದೆ ಕೂರದೆ ಹುಳುವಿನ ಕೆಲಸಕ್ಕೆಂದು ಹೊರಟುಬಿಟ್ಟರು. ಹೊಸ ಪಂಚೆಯ ಅಂಚಿಗೆ ಹುಳುವಿನ ಮನೆಯ ಸುಣ್ಣದ ಪುಡಿ ಮೆತ್ತಿಕೊಂಡೇ ಇತ್ತು. ಬೆಂಗಳೂರಿನ ಬೀಗರಿಗೆ ಅದು ಅವಮಾನವಾಗಿ ಕಂಡಿತು. ಮನಸ್ತಾಪ ತಿಳಿಯಾಗಲು ವರ್ಷಗಳೇ ಹಿಡಿದವು. ಅಲ್ಲಿ ಖಳನಾಯಕ ಯಾರು?

‘ತಿಥಿ’ ಚಿತ್ರವನ್ನು ಮತ್ತೊಮ್ಮೆ ನೋಡಿ. ರಾಮ್ ರೆಡ್ಡಿ ನಿರ್ದೇಶಿಸಿದ್ದು, ಈರೇಗೌಡರು ಜೊತೆಗೂಡಿ ಬರೆದದ್ದು. ಮಂಡ್ಯ ಸೀಮೆಯ ಹಳ್ಳಿಯವರೇ ನಟಿಸಿದ ಚಿತ್ರ, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. 101 ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೇ ದಿನ ತಿಥಿಯೂಟ ಹಾಕಬೇಕು. ಮೊಮ್ಮಗನಿಗೆ ಜಮೀನು ಮಾರುವ ಆತುರ, ಮಗ ಗಡ್ಡಪ್ಪನಿಗೆ ಆಸ್ತಿಯ ಗೊಡವೆಯೇ ಬೇಡ. ಗಡುವನ್ನು ಚಿತ್ರಕಥೆಗಾರ ಹೊರಗಿನಿಂದ ತಂದು ಹಾಕಿಲ್ಲ; ಊರಿನ ಪದ್ಧತಿಯೇ ಹಾಕಿಕೊಟ್ಟಿದೆ. ಅದೇ ಹನ್ನೊಂದು ದಿನಗಳು ಒಬ್ಬನ ಆಸೆಯನ್ನೂ ಇನ್ನೊಬ್ಬನ ವೈರಾಗ್ಯವನ್ನೂ ಹೊರಗೆಳೆಯುತ್ತವೆ. ಕಾಸರವಳ್ಳಿಯವರ ‘ತಬರನ ಕಥೆ’ಯಲ್ಲಿ ಇನ್ನೂ ಮುಂದಿನ ಹೆಜ್ಜೆಯಿದೆ. ಪಿಂಚಣಿಗಾಗಿ ಅಲೆಯುವ ತಬರನಿಗೆ ಎದುರಾಳಿ ಎಂದು ಬೆರಳು ಮಾಡಿ ತೋರಿಸಬಲ್ಲ ಮನುಷ್ಯನೇ ಇಲ್ಲ. ಕಡತಗಳು ಮೇಜಿನಿಂದ ಮೇಜಿಗೆ ಸಾಗುವ ಕಚೇರಿಯೇ ಸ್ಥಳ, ಅದೇ ಸಂಘರ್ಷ. ಇತ್ತ ಮನೆಯಲ್ಲಿ ಹೆಂಡತಿಯ ಕಾಲು ಕೊಳೆಯುತ್ತಿದೆ. ಆಶಯವನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ನಮ್ಮ ಸೀಮೆಗೆ ಕ್ಯಾಮೆರಾ ಬರುವುದಿಲ್ಲವೆಂದಲ್ಲ. ನಸುಕಿನಲ್ಲಿ ನಂದಿಬೆಟ್ಟಕ್ಕೆ ಬರುತ್ತದೆ, ಮಂಜಿನಲ್ಲಿ ಒಂದು ಹಾಡು ತೆಗೆದುಕೊಂಡು ಹೋಗುತ್ತದೆ. ಬೆಟ್ಟದ ಬುಡದಲ್ಲಿ ದ್ರಾಕ್ಷಿ ಬೆಳೆಯುವವನ ಕೊಳವೆಬಾವಿ ಬತ್ತಿದ ವಿಷಯ ಆ ಹಾಡಿಗೆ ಬೇಡ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು; ಗಣಿ ತ್ಯಾಜ್ಯದ ಸೈನೈಡ್ ದಿಬ್ಬಗಳ ಬಣ್ಣ ತೆರೆಗೆ ಬಂತು. ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ, ರಾತ್ರಿ ಗಣಿಯೂರಾದ ಮಾರಿಕುಪ್ಪಂಗೆ ಮರಳುವ ಗಣಿ ಕಾರ್ಮಿಕರ ಮಕ್ಕಳನ್ನು ಎಷ್ಟು ಚಿತ್ರಗಳು ಕಂಡಿವೆ? ತೆಲುಗು ಬೆರೆತ ನಮ್ಮ ಕನ್ನಡ ತೆರೆಯ ಮೇಲೆ ಕೇಳಿಸಿದರೆ ಬಹುಪಾಲು ನಗಿಸುವುದಕ್ಕೇ. ಚಿಂತಾಮಣಿ ಊರಿನ ತಾಯಿಯೊಬ್ಬಳು ಮಗನ ಹೆಣದ ಮುಂದೆ ಅಳುವುದೂ ಅದೇ ಮಾತಿನಲ್ಲಿ. ಶಿಬಿರಗಳಲ್ಲಿ ಎಲ್ಲಿಂದಲೋ ತಂದ ಕೋಷ್ಟಕವನ್ನು ಕೈಗಿಟ್ಟು ತುಂಬಿಸಿ ಎನ್ನುತ್ತಾರೆ. ನಿಮ್ಮ ಮನೆಯವರು ಏನು ಮಾಡಿ ಬದುಕುತ್ತಾರೆ ಎಂದು ನಿಮ್ಮನ್ನು ಅಲ್ಲಿ ಯಾರಾದರೂ ಕೇಳಿದರೇ?

ಬೆಂಗಳೂರಿಗೆ ಸಾಗಿಸಬೇಡಿ. ಅಲ್ಲಿ ಈ ಹುಡುಗ ಹುಡುಗಿ ಯಾವುದೇ ಚಿತ್ರದ ಹುಡುಗ ಹುಡುಗಿಯಾಗುತ್ತಾರೆ. ನಿಮ್ಮ ಓದುಗರು ದೂರಿದ್ದೂ ಅದನ್ನೇ. ನಿಮಗೆ ತಿರುವು ಬೇಕು ತಾನೆ? ರೀಲರ್ ಮಗಳಿಗೆ ಬೇರೆ ಗಂಡು ಗೊತ್ತುಮಾಡಲಿ, ಮದುವೆ ಸರಿಯಾಗಿ ಹುಡುಗನ ಮನೆಯಲ್ಲಿ ಹುಳು ಹಣ್ಣಾಗುವ ದಿನ ಬೀಳಲಿ. ಹುಡುಗನ ತಂದೆ ಸಾಲ ಮಾಡಿ ಸೊಪ್ಪು ತಂದಿದ್ದಾನೆ, ಕೈಗೆ ಆಳುಗಳಿಲ್ಲ. ಹುಡುಗ ಚಂದ್ರಿಕೆಯ ಬಳಿ ಉಳಿಯುತ್ತಾನೋ, ಬೈಕು ಹತ್ತುತ್ತಾನೋ? ಅವನು ಎಂಥವನೆಂದು ನಿಮಗೂ ಆಗಲೇ ಗೊತ್ತಾಗುವುದು. ಐದು ಹಾಳೆಗಳನ್ನು ಪಕ್ಕಕ್ಕಿಟ್ಟು ಆ ಒಂದು ರಾತ್ರಿಯನ್ನು ಬರೆದು ಕಳುಹಿಸಿ. ಚೆನ್ನಾಗಿ ಬಂದರೆ ಪೂರ್ತಿಯಾಗಿ ಅಚ್ಚು ಹಾಕುತ್ತೇನೆ.